ಬಲಿತ ಮಿಡಿ

"ಉಗುಳ. ಬಾಯಾಗ ಇದ್ದದ್ದು ಪೂರಾ ಉಗುಳ, ರಂಡಿ."

ಪೂನಮ ತಲೆ ಬಗ್ಗಿಸಿ ಉಗುಳಿದಳು. ಅರ್ಧ ಅಗಿದ ಎಳೆ ಸೌತೆಮಿಡಿ ಸಾವಕಾರ ಕಲ್ಮೇಶನ ಬೂಟಿನ ಮುಂದೆ ಮಣ್ಣಿಗೆ ಬಿತ್ತು. ತುಂಬಿದ ಬಸುರಿ, ಬಯಕೆ ತಡೆಯಲಾರದೆ ಬಳ್ಳಿಯಿಂದ ಒಂದೇ ಒಂದು ಕಿತ್ತು ಬಾಯಿಗೆ ಹಾಕಿಕೊಂಡಿದ್ದಳು. ಪಕ್ಕದ ಸಾಲಿನಲ್ಲಿದ್ದ ಅತ್ತೆ ಹಣಮವ್ವ ಬುಟ್ಟಿ ಕೆಳಗಿಟ್ಟು ಮುಂದೆ ಬಂದಳು. ಬಸುರಿಯ ಬಾಯಿಂದ ತುತ್ತು ಕಕ್ಕಿಸುವುದನ್ನು ಆಕೆ ತನ್ನೂರು ಬಾಲಗಾಂವದಲ್ಲೂ ಕಂಡಿರಲಿಲ್ಲ, ಕುರಿ ಹೊಡೆದುಕೊಂಡು ತಿರುಗಿದ ಯಾವ ಊರಲ್ಲೂ ಕಂಡಿರಲಿಲ್ಲ.

"ಹೊಲದಾಗ ದುಡಿಯಾಕಿ ಒಂದ ಸೌತಿಕಾಯಿ ತಿಂದ್ರ ಯಾರೂ ಕೇಳಂಗಿಲ್ರಿ, ಸಾವಕಾರ್ರ. ನಿಮ್ಮಪ್ಪಾರ ಕಾಲದಿಂದ ನಡದ ಬಂದೈತಿ."

ಕಲ್ಮೇಶ ನಕ್ಕ. "ಅದು ಸೌತಿಕಾಯಿಗಿ. ಇದು ಗರ್ಕಿನ್. ಕುರಿ ಕಾಯೂ ಮಂದಿ ತಿನ್ನೂದಲ್ಲ."

ಆಮೇಲೆ ಅವನಿಗೆ ಪಾಠ ಹೇಳುವ ಹುಕಿ ಬಂತು. ಹೆಸರೇ ಕಡಲಾಚೆಯದಂತೆ. ಕಂಪನಿಯವರು ಇದನ್ನು ಹುಳಿನೀರಲ್ಲಿ ಹಾಕಿ, ಗಾಜಿನ ಬಾಟಲಿ ತುಂಬಿ ಹಡಗು ಹತ್ತಿಸುತ್ತಾರಂತೆ; ಅಲ್ಲಿಯ ಮಂದಿ ಬ್ರೆಡ್ಡಿನ ನಡುವೆ ಇಟ್ಟು ತಿನ್ನುತ್ತಾರಂತೆ. ಕಿರುಬೆರಳಿನಷ್ಟಿದ್ದರೆ ಬಂಗಾರ, ಹೆಬ್ಬೆರಳು ದಾಟಿತೋ ಕಸ. ಒಂದು ದಿನ ಕೀಳುವುದು ತಪ್ಪಿದರೂ ಕಂಪನಿಯವರು ಮೂಸಿ ನೋಡುವುದಿಲ್ಲ. ಹಣಮವ್ವ ಸೆರಗು ಹೊದ್ದು, ಹೂಂಗುಟ್ಟುತ್ತ ಎಲ್ಲ ಕೇಳಿಸಿಕೊಂಡಳು. ಪುಣ್ಯಾತ್ಮ, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತಿದ್ದ.

ಆ ರಾತ್ರಿ ಆಕೆ ಕೂಲಿ ಹೆಂಗಸರ ಮನೆಮನೆಗೆ ಹೋಗಿ ಬಂದಳು. ಮರುದಿನ ಅವರೆಲ್ಲ ಹೊತ್ತಿಗೆ ಸರಿಯಾಗಿ ಬಂದರು. ಬಂದು ಬದುವಿನ ಬೇವಿನ ನೆರಳಲ್ಲಿ ಬುಟ್ಟಿ ಬೋರಲು ಹಾಕಿ ಕುಂತರು. ಕಲ್ಮೇಶ ಅವರ ಅವ್ವ ಅಪ್ಪ, ಸತ್ತ ಮುತ್ಯಾನನ್ನೂ ಬಿಡದೆ ಬೈದ. ಬೇರೆ ಕೂಲಿಯವರನ್ನು ಕರೆಸಲು ಯಳವಿ ಊರಿಗೆ ಫೋನ್ ಹಚ್ಚಿದ. ಅಲ್ಲಿಯ ಟೋಳಿ ದ್ರಾಕ್ಷಿ ತೋಟಕ್ಕೆ ಹೋಗಿಯಾಗಿತ್ತು. ಕೂಲಿಯೂ ಹೋಯಿತು, ನಾಳೆಯಿಂದ ಕೆಲಸವೂ ಹೋದೀತು ಎಂದು ಹಣಮವ್ವ ಲೆಕ್ಕ ಹಾಕುತ್ತಲೇ ಇದ್ದಳು. ಆದರೂ ಏಳಲಿಲ್ಲ.

ಇಳಿಹೊತ್ತಿಗೆ ಕಂಪನಿಯ ಗಾಡಿ ಬರಿದಾಗಿ ತಿರುಗಿದ ಮೇಲೆ ಅವನು ಬೇವಿನ ಹತ್ತಿರ ಬಂದ. "ಏನ ಬೇಕ ನಿಮಗ?"

"ಏನೂ ಬ್ಯಾಡ್ರಿ. ನನ್ನ ಸೊಸಿ ಮುಂದ ತಪ್ಪಾತು ಅನ್ರಿ, ಸಾಕು."

"ನಾನು? ಇಕಿ ಮುಂದ?"

"ಹಂಗಾರ ಬೆಳೀಲಿ ಬಿಡ್ರಿ," ಎಂದು ಹಣಮವ್ವ ಎಲೆಅಡಿಕೆ ಚೀಲ ಬಿಚ್ಚಿದಳು.

ಅವನು ಅನ್ನಲಿಲ್ಲ. ಇವರು ಏಳಲಿಲ್ಲ. ಬಳ್ಳಿಗೆ ಮಾತ್ರ ಯಾರ ಹಂಗು? ಮೂರನೆಯ ಬೆಳಗಿಗೆ ಎಲೆಯಡಿ ಅಡಗಿದ್ದ ಮಿಡಿಗಳೆಲ್ಲ ಹಿಡಿಗಾತ್ರ ಬಲಿತು ಬಿದ್ದುಕೊಂಡಿದ್ದವು. ಕಲ್ಮೇಶ ಹೊಲದ ನಡುವೆ ಒಂದೊಂದೇ ಎಲೆ ಎತ್ತಿ ನೋಡುತ್ತಿದ್ದ. ಅವನ ಕಣ್ಣೆದುರೇ ಹಣಮವ್ವ ದಪ್ಪನೆಯದೊಂದನ್ನು ಕಿತ್ತು, ಸೆರಗಿಗೆ ಒರೆಸಿ, ಸೊಸೆಯ ಕೈಗಿಟ್ಟಳು.

"ತಿನ್ನವ್ವ. ಗರ್ಕಿನ್ ಹೋತು. ಈಗ ಇದು ಸೌತಿಕಾಯಿ."

ಪೂನಮ ತೊಟ್ಟಿನ ಕಹಿ ತುದಿ ಕಚ್ಚಿದಳು. ಕಚ್ಚಿದ್ದನ್ನು ಸಾವಕಾರನ ಬೂಟಿನ ಮುಂದೆ ಉಗುಳಿದಳು. ಆಮೇಲೆ ಅಲ್ಲೇ ನಿಂತು, ಅವನ ಮುಖ ನೋಡುತ್ತ, ಇಡೀ ಕಾಯಿ ನಿಧಾನಕ್ಕೆ ಅಗಿದು ತಿಂದಳು.