ಬೀಜಕ್ಕೆ ಬಿಟ್ಟ ಕಾಯಿ

ನಾನು ದರ್ಜಿ. ಮೂವತ್ತು ವರ್ಷ ದಾರ ನಂಬಿಕೊಂಡೇ ಹೊಟ್ಟೆ ಹೊರೆದವನು. ಆದರೂ ಆ ದಿನ ಸೌತೆಕಾಯಿಯ ತೊಟ್ಟಿಗೆ ಕಟ್ಟಿದ್ದ ಕೆಂಪು ದಾರ ನನಗೆ ಕಾಣಲಿಲ್ಲ. ಕಣ್ಣು ಎಲ್ಲಿಟ್ಟಿದ್ದೆನೋ!

ದಾರ ಕಟ್ಟಿದವಳು ನನ್ನ ಹೆಂಡತಿ. ತವರಿಂದ ತಂದ ಬೀಜ ಅದು. ಪ್ರತಿ ಬೇಸಿಗೆಯಲ್ಲೂ ಹಿತ್ತಿಲ ಬಳ್ಳಿಯಲ್ಲಿ ಒಳ್ಳೆಯ ಕಾಯಿ ಒಂದನ್ನು ಆರಿಸಿ, ನನ್ನ ಹೊಲಿಗೆ ಮಿಷನ್ನಿನಿಂದಲೇ ದಾರ ಕಿತ್ತು ಕಟ್ಟುತ್ತಿದ್ದಳು. ಅದು ಬಳ್ಳಿಯಲ್ಲೇ ಹಣ್ಣಾಗಿ ಮುಂದಿನ ವರ್ಷಕ್ಕೆ ಬೀಜ ಕೊಡಬೇಕು. ಈ ಸಲ ದಾರ ಕಟ್ಟಿದ ವಾರಕ್ಕೇ ಆಸ್ಪತ್ರೆ ಸೇರಿದಳು.

"ಉಳಿದಿದ್ದೆಲ್ಲ ಕಿತ್ತು ಉಪ್ಪುನೀರಲ್ಲಿ ಹಾಕಿಡಿ. ಅದೊಂದನ್ನ ಮಾತ್ರ ಮುಟ್ಟಿದ್ರೆ ನೋಡಿ!" ಎಂದು ಮಂಚದಿಂದಲೇ ಗದರಿದಳು.

ಬೇಸಿಗೆ ಮುಗಿಯುತ್ತ ಬಂದಿತ್ತು. ಒಂದು ದಿನ, ಆಸ್ಪತ್ರೆಗೆ ಹೊತ್ತಾಯಿತೆಂಬ ಆತುರದಲ್ಲಿ ಬಳ್ಳಿಯನ್ನು ಪೂರಾ ಬೋಳಿಸಿದೆ. ತೊಳೆದು, ಉದ್ದುದ್ದ ಸೀಳಿ, ಗಾಜಿನ ಜಾಡಿಗಳಿಗೆ ಒತ್ತಿ ತುಂಬಿ ಉಪ್ಪುನೀರು ಸುರಿದೆ. ಒಂದು ಕಾಯಿ ಭಾರಿ ದಪ್ಪಗಿತ್ತು. ನಮ್ಮ ಹಿತ್ತಿಲೇನು ಕಡಿಮೆಯೇ ಎಂದು ಬೀಗಿದೆ ಕೂಡ. ಆಮೇಲೆ ತೊಟ್ಟುಗಳನ್ನು ಬಾಚಿ ಎಸೆಯುವಾಗ ಕೆಂಪು ದಾರ ಬೆರಳಿಗೆ ಸುತ್ತಿಕೊಂಡಿತು.

"ಹೇಗಿದೆ ನನ್ನ ಕಾಯಿ?" ದಿನಾ ಕೇಳುತ್ತಿದ್ದಳು.

"ಹಳದಿಗೆ ತಿರುಗ್ತಿದೆ," ಎಂದೆ ಒಂದು ದಿನ. "ಸಿಪ್ಪೆ ಬಿರುಸಾಗಿದೆ," ಎಂದೆ ಇನ್ನೊಂದು ದಿನ. ಹರಿದಲ್ಲಿ ತೇಪೆ ಹಾಕುವುದು ನನಗೆ ಬರುವ ಒಂದೇ ವಿದ್ಯೆ.

"ಅಬ್ಬಾ, ದರ್ಜಿ ಸಾಹೇಬ್ರು ಮೊದಲನೇ ಸಲ ನನ್ನ ಮಾತು ಕೇಳಿದಾರೆ!" ಎಂದು ನಕ್ಕಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಉಪ್ಪು ಬೇಡವೇ ಬೇಡ ಎನ್ನುತ್ತಿದ್ದ ಡಾಕ್ಟರು ಒಂದು ದಿನ, "ಏನು ಕೇಳ್ತಾರೋ ಕೊಡಿ," ಎಂದರು. ಅದರ ಅರ್ಥ ತಿಳಿದು ಕಾರಿಡಾರಿನಲ್ಲೇ ಅತ್ತುಬಿಟ್ಟೆ. ಅವಳು ಕೇಳಿದ್ದು ಈ ವರ್ಷದ ಸೌತೆ. ಕೈಗೆ ಸಿಕ್ಕಿದ ಜಾಡಿ ಒಯ್ದೆ.

ಹೋಳು ಕಚ್ಚಿದವಳು ಅಗಿಯುವುದನ್ನು ನಿಲ್ಲಿಸಿದಳು. ಬಾಯಿಂದ ಏನೋ ತೆಗೆದು ಅಂಗೈಯಲ್ಲಿ ನೋಡಿಕೊಂಡಳು. ನಾನು ಲೋಟಕ್ಕೆ ನೀರು ಬಗ್ಗಿಸಿ ತಿರುಗುವಷ್ಟರಲ್ಲಿ ಮುಷ್ಟಿ ಮುಚ್ಚಿತ್ತು.

"ಚೆನ್ನಾಗಿದೆ ರೀ. ಉಪ್ಪು ಒಂಚೂರು ಮುಂದಾಗಿದೆ. ಇನ್ನೊಂದು ಹೋಳು ಕೊಡಿ."

ಮರುದಿನವೂ ಕೇಳಿದಳು. "ಹೇಗಿದೆ ನನ್ನ ಕಾಯಿ?"

"ಹಣ್ಣಾಗಿದೆ. ನೀನೇ ಬಂದು ಕಿತ್ಕೋ."

"ಆಯ್ತು," ಎಂದು ನನ್ನ ಕೈ ಸವರಿದಳು. ಸದ್ಯ, ಇವಳಿಗೆ ಗೊತ್ತಾಗಲಿಲ್ಲವಲ್ಲ ಎಂದು ಈ ಬುದ್ಧಿವಂತ ನೆಮ್ಮದಿಯಿಂದ ಮನೆಗೆ ಬಂದ. ಮೂರನೆಯ ದಿನ ಅವಳು ಹೋಗಿಬಿಟ್ಟಳು.

ನರ್ಸಮ್ಮ ಅವಳ ಕನ್ನಡಕ, ಬಾಚಣಿಗೆ, ಕರವಸ್ತ್ರ ಕೊಟ್ಟರು. ಕರವಸ್ತ್ರದ ತುದಿಗೆ ಗಂಟು ಹಾಕಿತ್ತು. ಬಿಚ್ಚಿದೆ. ಒಳಗೆ ಏಳು ಬಲಿತ ಸೌತೆಬೀಜ, ಒರೆಸಿ ಒಣಗಿಸಿದ್ದವು.

ಅಷ್ಟು ದಿನ ಉಪ್ಪಿನಲ್ಲಿ ನೆನೆದ ಬೀಜ ಹುಟ್ಟುವುದಿಲ್ಲ. ಅವಳಿಗೂ ಗೊತ್ತಿತ್ತು, ನನಗೂ ಗೊತ್ತು. ಕಾಲ ಬಂದಾಗ ಏಳನ್ನೂ ಬಿತ್ತಿದೆ. ಬೆಳಿಗ್ಗೆ ನೀರು ಹಾಕಿ, ಅಂಗಡಿಗೆ ಹೊರಡುವಾಗ ಬಾಗಿಲು ಎಳೆದುಕೊಳ್ಳುವ ಮುನ್ನ ಒಳಕ್ಕೆ ತಿರುಗಿ ದಿನಾ ಹೇಳುತ್ತೇನೆ:

"ಮೊಳಕೆ ಬರ್ತಿದೆ ಕಣೇ."