ಹುಕ್ಕಿನ ಪರೀಕ್ಷೆ

ಲಗಮಪ್ಪನ ಕೆಲಸ ಕೇಳಿದವರಿಗೆ ನಗು ಬರುವಂಥದ್ದು. ಸಂಗೊಳ್ಳಿಯ ನಿಜಗುಣಪ್ಪಗೌಡರ ಕಬ್ಬಿನ ಟ್ರೇಲರ್ ಹಳ್ಳದ ಏರು ಹತ್ತುವಾಗ ಹಿಂದೆ ಹಿಂದೆ ನಡೆಯುವುದು, ಟ್ರ್ಯಾಕ್ಟರ್ ಏದುಸಿರು ಬಿಟ್ಟು ನಿಂತರೆ ಗಾಲಿಯ ಹಿಂದೆ ಕಲ್ಲು ಕೊಡುವುದು. ಹನ್ನೆರಡು ವರ್ಷದಿಂದ ಅದೇ ಏರು, ಅದೇ ಟ್ರೇಲರ್. ನಗುವವರು ಒಮ್ಮೆ ಹತ್ತು ಟನ್ ಕಬ್ಬಿನ ಬೆನ್ನಿಗೆ ನಿಂತು ನೋಡಲಿ.

ಮಗ ಗೌತಮ ಡಿಪ್ಲೊಮಾ ಮುಗಿಸಿ ಬೈಲಹೊಂಗಲದ ಲೇಥ್ ಅಂಗಡಿಯೊಂದರಲ್ಲಿದ್ದ. ೨೦೦೪ರ ಹಂಗಾಮಿನಲ್ಲಿ ಒಂದು ರವಿವಾರ ಅಪ್ಪನಿಗೆ ಬುತ್ತಿ ಕೊಡಲು ಹೊಲಕ್ಕೆ ಬಂದವನು, ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಹುಕ್ಕನ್ನು ನೋಡಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. ಅದರ ಬುಡದಲ್ಲಿ ಕೂದಲೆಳೆಯಂಥ ಗೆರೆಯಿತ್ತು. ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣ ಬಳಿದ. ಸುಣ್ಣ ಒಣಗಿದಂತೆ ಬಿರುಕಿನೊಳಗೆ ಉಳಿದಿದ್ದ ಎಣ್ಣೆ ಹೊರಬಂದು ಬೆರಳುದ್ದ ಕಪ್ಪು ಗೆರೆ ಮೂಡಿತು.

"ಗೌಡ್ರ, ಈ ಹುಕ್ ಬದಲಿ ಮಾಡ್ರಿ. ಮುರೀತೈತಿ. ಹಿಂದ ನಮ್ಮಪ್ಪ ಇರತಾನ್ರಿ."

"ಹನ್ನೆರಡು ವರ್ಷ ಎಳದೈತೋ ತಮ್ಮಾ," ಎಂದರು ಗೌಡರು. "ಇಷ್ಟ ದಿನಾ ತಡದದ್ದು ಈಗ್ಯಾಕ ಮುರೀತೈತಿ?"

"ಅಷ್ಟು ವರ್ಷ ಎಳದೈತಿ ಅಂತನ ಮುರಿಯೂದ್ರಿ. ತಂತಿ ಒಮ್ಮೆ ಮಣಿಸಿದ್ರ ಏನೂ ಆಗೂದಿಲ್ಲ. ಹಿಂದ ಮುಂದ ಮಣಿಸಕೋತ ಹೋದ್ರ ಪಟ್ಟನ ಹೋಗತೈತಿ. ಕಬ್ಬಿಣಾನೂ ದಣೀತೈತ್ರಿ."

ಕಬ್ಬಿಣಕ್ಕೆ ದಣಿವು! ಕಬ್ಬು ಕಡಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ನಕ್ಕರು. "ಹಂಗಾರ ಅದಕ್ಕೊಂದು ಹಾಸಿಗಿ ಹಾಸೂಣೇನೋ?" ಎಂದ ಡ್ರೈವರ್ ಶಟ್ಟೆಪ್ಪ.

ಗೌತಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನಾಲ್ಕು ಅಕ್ಷರ ಕಲಿತವನಿಗೆ ನಾಲ್ಕು ಜನರ ನಗೆ ತಡೆಯುವುದಿಲ್ಲ, ಅದೊಂದು ರೋಗ.

"ನಂಬಿಕಿ ಇಲ್ಲಂದ್ರ ದೀಡಪಟ್ಟು ಹೇರಿ ಏರಿಸಿ ನೋಡ್ರಿ! ಅಪ್ಪಾ, ನೀ ದೂರ ನಿಲ್ಲು," ಎಂದುಬಿಟ್ಟ.

ಗೌಡರಿಗೂ ಹುರುಪು ಬಂತು. ಹತ್ತು ಟನ್ನಿನ ಟ್ರೇಲರಿಗೆ ಹದಿನೈದು ಟನ್ ಹೇರಿಸಿದರು. ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲ ಬಿಟ್ಟು ಎದ್ದಿತು, ಹೊಗೆ ಕಾರಿತು, ಆದರೆ ಏರು ಹತ್ತಿತು. ಇಳಿಸಿ ಮತ್ತೊಮ್ಮೆ ಹತ್ತಿಸಿದರು. ಹುಕ್ಕು ಮುರಿಯಲಿಲ್ಲ.

"ಈಗೇನಂತೀರಿ ಸಾಹೇಬ್ರ?" ಎಂದು ಶಟ್ಟೆಪ್ಪ ಕೈಮುಗಿದ.

ಇಂದು ತಾಳಿದ್ದು ನಾಳೆ ತಾಳುತ್ತದೆಂಬ ಮಾತಿಲ್ಲ, ಬಿರುಕಿದ್ದದ್ದಕ್ಕೆ ಅತಿಭಾರ ಹೇರಿದರೆ ಬಿರುಕು ಇನ್ನಷ್ಟು ಒಳಗೆ ಸರಿಯುತ್ತದೆ ಎಂಬುದು ಗೌತಮನಿಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನೇ ಅವನು. ಆದರೆ ಸೋತ ಮುಖ ಹೊತ್ತು ಮತ್ತೆ ಬಾಯಿ ತೆರೆಯುವುದು ಹೇಗೆ? ಮೇಲಾಗಿ, ನನ್ನ ಮಾತೇ ಸುಳ್ಳಾಗಲಿ, ಅಪ್ಪ ಚೆನ್ನಾಗಿರಲಿ ಎಂಬ ಆಸೆಯೂ ಇತ್ತು. "ಹೋಗ್ಲಿ ಬಿಡೋ, ಒಮ್ಮೊಮ್ಮೆ ತಪ್ಪತೈತಿ," ಎಂದು ಲಗಮಪ್ಪ ಬೆನ್ನು ಸವರಿದ. ಗೌತಮ ಬೈಲಹೊಂಗಲದ ಬಸ್ಸು ಹತ್ತಿದ.

ಹತ್ತನೆಯ ದಿನ, ಎಂದಿನಷ್ಟೇ ಭಾರ ಹೊತ್ತು ಏರುತ್ತಿದ್ದಾಗ ಟ್ರ್ಯಾಕ್ಟರ್ ತಡವರಿಸಿ ನಿಂತಿತು. ಲಗಮಪ್ಪ ಕಲ್ಲು ಕೊಡಲು ಬಗ್ಗಿದ. ಹುಕ್ಕು ತುಂಡಾಗಿ ಟ್ರೇಲರ್ ಅವನ ಮೇಲೆ ಉರುಳಿತು.

ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ ಗೌತಮ ಆ ತುಂಡನ್ನು ಹುಡುಕಿ ತೆಗೆದ. ಮುರಿದ ಮುಖದ ಮೇಲೆ ತುಕ್ಕು ಹಿಡಿದ ಸಣ್ಣ ಸಣ್ಣ ಗೆರೆಗಳು, ಒಂದರ ಬೆನ್ನಿಗೊಂದು, ವರ್ಷಗಟ್ಟಲೆ ನಿಧಾನವಾಗಿ ಸರಿದು ಬಂದವು. ಅವುಗಳಾಚೆ ಹೆಬ್ಬೆರಳಗಲದ ಒರಟು ಪಟ್ಟಿ, ಅದರ ತುಕ್ಕು ಇನ್ನೂ ಎಳೆಯದು. ಅದು ದೀಡಪಟ್ಟು ಹೇರಿದ ಆ ರವಿವಾರದ್ದು. ಅದರಾಚೆ ಉಳಿದಿದ್ದ ಬೆಳ್ಳನೆಯ ಚೂರು ಕೊನೆಯ ದಿನದ್ದು, ಕಿರುಬೆರಳಗಲವೂ ಇರಲಿಲ್ಲ.

ಮನೆಯಲ್ಲಿ ಗೌಡರು ಜನರೆದುರೇ ಗೋಳೋ ಎಂದು ಅತ್ತರು. "ನೀ ಹೇಳಿದ್ದಿ ತಮ್ಮಾ. ನಂದ ತಪ್ಪ." ಶಟ್ಟೆಪ್ಪ ಕಂಬಕ್ಕೆ ಹಣೆ ಚಚ್ಚಿಕೊಂಡ. ಬಂದವರೆಲ್ಲ ಗೌತಮನ ಕೈಹಿಡಿದು, ಎಂಥಾ ಶಾಣ್ಯಾ ಹುಡುಗನ ಮಾತು ಮೀರಿದರಲ್ಲ ಎಂದು ಮರುಗಿದರು. ಒಬ್ಬರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಜನ ಹೋದ ಮೇಲೆ ತಾಯಿ ಬಾಯವ್ವ ಅವನ ಮುಖ ತನ್ನತ್ತ ತಿರುಗಿಸಿಕೊಂಡಳು.

"ಅವ್ರು ನೀ ಹೇಳಿದಂಗ ಮಾಡಿದ್ರ ನಿಮ್ಮಪ್ಪ ಉಳೀತಿದ್ದ, ಹೌದಿಲ್ಲೋ?"

"ಮಾಡಿದ್ರು ಬೇ ಯವ್ವಾ," ಎಂದ ಗೌತಮ. "ನಾ ಹೇಳಿದಂಗನ ಮಾಡಿದ್ರು."