ಊರಿಗೆ ಹೊರಟ ಚನ್ನವ್ವ

ಎಮ್ಮೆಯ ಜೊತೆ ಮಾತಾಡುವವನು ಹುಚ್ಚ ಅಂತ ನೀವು ಅಂದುಕೊಳ್ಳುವುದಾದರೆ ಅಂದುಕೊಳ್ಳಿ, ನನ್ನದೇನೂ ತಕರಾರಿಲ್ಲ. ಆದರೆ ಮುಂಬಯಿಯ ಕಾಂದಿವಲಿಯ ತಬೇಲಾದಲ್ಲಿ ಒಂದು ಮಳೆಗಾಲ ಇದ್ದು ನೋಡಿ, ಆಮೇಲೆ ಹೇಳಿ. ಸಾಲುಸಾಲು ಎಮ್ಮೆಗಳು, ಹಾಲು ಹಿಂಡುವ ಉತ್ತರದ ಕಡೆಯ ಭಯ್ಯಾಗಳು, ಅವರೆಲ್ಲರ ಮೇಲೆ ಒಬ್ಬ ಗುಜರಾತಿ ಸೇಠ. ನನ್ನ ಬಾಯಲ್ಲಿದ್ದದ್ದು ಅಮ್ಮಿನಭಾವಿಯ ಕನ್ನಡ ಒಂದೇ. ಅದನ್ನು ತಿಳಿಯುವ ಕಿವಿ ಆ ತಬೇಲಾದಲ್ಲಿ ಒಂದೂ ಇರಲಿಲ್ಲ.

ನಾನು ಶೆಟ್ಟೆಪ್ಪ. ಜಾತಿಯಿಂದಲೂ ಕಸುಬಿನಿಂದಲೂ ಗೌಳಿ. ಧಾರವಾಡದ ಪೇಟೆಗೆ ಹಾಲು ಹಾಕಿಯೇ ನಮ್ಮ ಮನೆತನ ಬದುಕಿದ್ದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಎಮ್ಮೆಗಳನ್ನೆಲ್ಲ ತನ್ನ ಕಡೆ ಕಟ್ಟಿಕೊಂಡು ನನಗೆ ಖಾಲಿ ಕೊಟ್ಟಿಗೆ ತೋರಿಸಿದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಆ ಕೊಟ್ಟಿಗಿನೂ ನೀನ ಇಟ್ಕೊ. ನಾ ಮುಂಬೈಗೆ ಹೋಗ್ತೀನಿ," ಅಂದೆ. ಹತ್ತು ಮಂದಿಯ ಮುಂದೆ ಅಂದ ಮೇಲೆ ಹೋಗಲೇಬೇಕಾಯಿತು. ಮಿರಜಿನ ದನದ ದಲಾಲಿಯೊಬ್ಬ ಈ ಕೆಲಸ ಹಚ್ಚಿಕೊಟ್ಟ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೆಂಡತಿ ಶರಣವ್ವನನ್ನು ಉಪ್ಪಿನಬೆಟಗೇರಿಯ ಅವಳ ತವರಿನಲ್ಲಿ ಬಿಟ್ಟು ಗಾಡಿ ಹತ್ತಿದೆ.

ಆಗ ಧಾರವಾಡವೂ ಮುಂಬಯಿ ರಾಜ್ಯದಲ್ಲೇ ಇತ್ತು. "ಅದೂ ನಮ್ದ ರಾಜ್ಯ, ಹೆದರಬ್ಯಾಡೋ," ಅಂತ ಊರಿನ ಮಾಸ್ತರರು ಧೈರ್ಯ ಹೇಳಿ ಕಳಿಸಿದ್ದರು. ಸುಡಲಿ ಆ ರಾಜ್ಯ! ಬೋರಿಬಂದರದಲ್ಲಿ ಇಳಿದಾಗ ಕುಡಿಯುವ ನೀರು ಕೇಳುವುದಕ್ಕೂ ಬೊಗಸೆ ಬಾಯಿಗೆ ಹಿಡಿದು ತೋರಿಸಬೇಕಾಯಿತು.

ಕೆಲಸ ಕಷ್ಟವಾಗಿತ್ತು ಅಂತ ನಾನು ಹೇಳುವುದಿಲ್ಲ. ಸಗಣಿ ಎಲ್ಲ ಊರಿನದೂ ಒಂದೇ. ಕಷ್ಟವಾದದ್ದು ಬಾಯಿ ಮುಚ್ಚಿಕೊಂಡು ಇರುವುದು. ಭಯ್ಯಾಗಳು ಕೆಟ್ಟವರಲ್ಲ, ತಮ್ಮ ಚಪಾತಿಯಲ್ಲಿ ನನಗೂ ಪಾಲು ಕೊಡುತ್ತಿದ್ದರು. ಆದರೆ ಅವರು ನಗುವಾಗ ನನಗೆ ಯಾಕೆ ಅಂತ ತಿಳಿಯುತ್ತಿರಲಿಲ್ಲ, ನಾನು ಬೈದರೆ ಅವರಿಗೆ ತಾಕುತ್ತಿರಲಿಲ್ಲ. ಬೈಗುಳ ಕೂಡ ದಂಡವಾಗುವ ಊರಿನಲ್ಲಿ ಮನುಷ್ಯ ಹೇಗೆ ಬದುಕಬೇಕು, ನೀವೇ ಹೇಳಿ. ಹೋಟೆಲಿಗೆ ಹಾಲು ಒಯ್ಯಲು ದಿನಾ ಬೆಳಿಗ್ಗೆ ಬರುತ್ತಿದ್ದ ಉಡುಪಿ ಕಡೆಯ ಅಣ್ಣು ಒಬ್ಬನೇ ಕನ್ನಡ ಬಲ್ಲವನು. ಅವನ ಕನ್ನಡವೋ ಪುಸ್ತಕದಿಂದ ಎದ್ದು ಬಂದಂತಿರುತ್ತಿತ್ತು. ಅದೂ ಕ್ಯಾನು ತುಂಬುವಷ್ಟು ಹೊತ್ತು ಮಾತ್ರ.

ತಬೇಲಾದ ಕೊನೆಯ ಸಾಲಿನಲ್ಲಿ ಒಂದು ಎಮ್ಮೆಯನ್ನು ಬೇರೆಯಾಗಿ ಕಟ್ಟಿದ್ದರು. ಉಳಿದವೆಲ್ಲ ಗುಜರಾತಿನ ಆನೆಯಂಥ ಎಮ್ಮೆಗಳು. ಇದು ಸಣ್ಣದು, ಬೆನ್ನಿನತ್ತ ಬಾಗಿದ ಕುಡುಗೋಲಿನಂಥ ಉದ್ದ ಕೋಡು. ನೋಡಿದ ಕೂಡಲೇ ಗುರುತು ಸಿಕ್ಕಿತು. ಇದು ನಮ್ಮ ಕಡೆಯದು, ಧಾರವಾಡ ಸೀಮೆಯದು! ಮಿರಜಿನಲ್ಲಿ ನಾಲ್ಕು ಎಮ್ಮೆಗಳ ಜೊತೆ ಇದನ್ನೂ ಸೇಠನ ತಲೆಗೆ ಕಟ್ಟಿದ್ದರಂತೆ. ಕರು ದಾರಿಯಲ್ಲೇ ಸತ್ತಿತ್ತು. ಕೆಚ್ಚಲಿಗೆ ಕೈ ಹಾಕಿದವರನ್ನೆಲ್ಲ ಒದೆಯುತ್ತಿತ್ತು, ಹನಿ ಹಾಲು ಇಳಿಸುತ್ತಿರಲಿಲ್ಲ.

"ಪಾಗಲ್ ಹೈ," ಅಂದ ಸೇಠ. ಹುಚ್ಚು ಎಮ್ಮೆಗೆ ಹುಚ್ಚು ಆಳು ಅಂತ ಭಯ್ಯಾಗಳು ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ದೂರ ನಿಂತರು.

ನಾನು ಮಂತ್ರಗಿಂತ್ರ ಹಾಕಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಎಷ್ಟೋ ದಿನದಿಂದ ಹೊಟ್ಟೆಯಲ್ಲಿದ್ದದ್ದನ್ನು ಹೊರಗೆ ಹಾಕಿದೆ ಅಷ್ಟೇ. "ಯಾಕ ಬೇ, ಸಿಟ್ಟು ಬಂದೈತೇನ? ನನಗೂ ಬಂದೈತಿ. ಇವರ ಮಾತು ನಿನಗ ತಿಳೀವಲ್ದು, ನನಗೂ ತಿಳೀವಲ್ದು. ನನ್ನ ಯಾಕ ಒದೀತಿ? ನಾ ಏನ ಮಾಡೇನಿ ನಿನಗ?" ಅದರ ಕಿವಿ ನನ್ನತ್ತ ತಿರುಗಿತು. ಮಾತು ನಿಲ್ಲಿಸದೆ ಕೆಚ್ಚಲು ಸವರಿದೆ. ಒದೆಯಲಿಲ್ಲ. ಸ್ವಲ್ಪ ಹೊತ್ತಿಗೆ ತಂಬಿಗೆಯೊಳಗೆ ಸುರ್ ಸುರ್ ಅಂತ ಧಾರೆ ಬಿತ್ತು. ನನಗೆ ಅಳುವೇ ಬಂತು, ನಾಚಿಕೆಯೇನು ಅದರಲ್ಲಿ.

ಚನ್ನವ್ವ ಅಂತ ಹೆಸರಿಟ್ಟೆ. ಅದು ನನ್ನ ಸೋದರತ್ತೆಯ ಹೆಸರು. ಆಕೆಯೂ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಹೆಂಗಸು.

ಅಂದಿನಿಂದ ದಿನಕ್ಕೆ ಎರಡು ಹೊತ್ತು ನಮ್ಮ ಮಾತುಕತೆ. ಅಣ್ಣನನ್ನು ಅವಳ ಮುಂದೆ ಮನಸಾರೆ ಬೈದೆ. ಬೈಗುಳ ಮುಗಿದ ಮೇಲೆ ಶರಣವ್ವನ ಸುದ್ದಿ ಶುರುವಾಗುತ್ತಿತ್ತು. ರೊಟ್ಟಿ ಬಡಿಯುವ ಮೊದಲು ಬಳೆಗಳನ್ನು ಮೊಣಕೈ ತನಕ ಸರಿಸಿಕೊಳ್ಳುತ್ತಾಳೆ, ನಗು ಬಂದರೆ ಸೆರಗು ಕಚ್ಚಿಕೊಳ್ಳುತ್ತಾಳೆ, ನನ್ನನ್ನು ಹೆಸರು ಹಿಡಿದು ಕರೆಯಲಾರದೆ "ಇವರ, ಇವರ" ಅನ್ನುತ್ತಾಳೆ. ಇಂಥವನ್ನು ಗಂಡಸರಿಗೆ ಗಂಡಸರ ಮುಂದೆ ಹೇಳಲಾಗುತ್ತದೆಯೇ? ಚನ್ನವ್ವ ಮೆಲುಕು ಹಾಕುತ್ತ ಕೇಳುತ್ತಿದ್ದಳು. ಹೇಳಿದಷ್ಟೂ ಶರಣವ್ವ ಹತ್ತಿರ ಬಂದಂತಾಗುತ್ತಿತ್ತು, ಎದ್ದು ಹೊರಗೆ ಬಂದರೆ ಮತ್ತೆ ಅಷ್ಟೇ ದೂರ.

"ನೀವು ಎಮ್ಮೆ ಹತ್ತಿರ ಸಂಸಾರದ ವಿಷಯ ಮಾತಾಡುವುದಾ ಮಾರಾಯ್ರೆ?" ಅಂತ ಅಣ್ಣು ಹೊಟ್ಟೆ ಹಿಡಿದುಕೊಂಡು ನಕ್ಕ. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ!"

"ಇದು ಕೋಣ ಅಲ್ಲೋ, ಎಮ್ಮಿ," ಅಂದೆ. "ನಿನಗ ಅಷ್ಟೂ ಗೊತ್ತಾಗುದಿಲ್ಲ, ಹಾಲು ಒಯ್ಯಾಕ ಬರ್ತಿ."

ಶ್ರಾವಣದಲ್ಲಿ ಶರಣವ್ವನ ತಮ್ಮ ಕಾಗದ ಬರೆದ. ಓದಿ ಹೇಳಿದವನು ಅಣ್ಣುವೇ. "ನಿಮ್ಮ ಹೆಂಡತಿ ಬಸುರಿಯಂತೆ. ದೀಪಾವಳಿ ಆದ ಮೇಲೆ ಹೆರಿಗೆಯಂತೆ." ನಾನು ಅವನಿಗೆ ಸಕ್ಕರೆ ಕೊಡುವುದನ್ನೂ ಮರೆತು ಕೊನೆಯ ಸಾಲಿಗೆ ಓಡಿ ಚನ್ನವ್ವನ ಕಿವಿಯಲ್ಲಿ ಹೇಳಿದೆ. ಆಮೇಲೆ ಸೇಠನ ಹತ್ತಿರ ಹೋಗಿ ಕೈ ಮುಗಿದೆ. ಅಷ್ಟರಲ್ಲಿ ನನಗೂ ಹಿಂದಿ ತುಸು ಬಂದಿತ್ತು. ಕೂಸು ಹುಟ್ಟಿದ ಸುದ್ದಿ ಬಂದ ದಿನವೇ ಹದಿನೈದು ದಿನದ ರಜೆ ಕೊಡುತ್ತೇನೆ ಅಂತ ಸೇಠ ಮಾತು ಕೊಟ್ಟ. ಆ ಮಾತನ್ನು ಉಂಡು, ಆ ಮಾತನ್ನೇ ಹೊದ್ದು ಮಲಗಿದೆ. ಕೂಸನ್ನು ಎತ್ತಿಕೊಳ್ಳುವುದು ಹೇಗೆ ಅಂತ ಹಿಂಡಿಯ ಚೀಲ ಎತ್ತಿಕೊಂಡು ರೂಢಿ ಮಾಡಿದೆ. ನಗಬೇಡಿ.

ದಸರೆಯ ಹೊತ್ತಿಗೆ ಚನ್ನವ್ವನ ಹಾಲು ಬತ್ತುತ್ತ ಬಂತು. ಅದು ಅವಳ ತಪ್ಪಲ್ಲ. ಕರು ಹಾಕಿ ವರ್ಷವಾಗುತ್ತ ಬಂದರೆ ಯಾವ ಎಮ್ಮೆಯೂ ಬತ್ತುತ್ತದೆ. ಊರಲ್ಲಾದರೆ ಹೊಲದ ಬದುವಿಗೆ ಬಿಡುತ್ತೇವೆ, ಕೋಣ ಕೂಡಿ ಗಬ್ಬವಾಗುತ್ತದೆ, ಮತ್ತೆ ಕರು, ಮತ್ತೆ ಹಾಲು. ಮುಂಬಯಿಯಲ್ಲಿ ಬದು ಎಲ್ಲಿಂದ ಬರಬೇಕು? ಹಾಲಿಲ್ಲದ ಎಮ್ಮೆಗೆ ಮೇವು ಕೊಂಡು ಹಾಕುವವರು ಯಾರು? ಬತ್ತಿದವು ಕಸಾಯಿಖಾನೆಗೆ ಹೋಗುತ್ತವೆ. ಈ ಸೇಠನೊಬ್ಬನದಲ್ಲ, ಎಲ್ಲ ತಬೇಲಾಗಳದೂ ಅದೇ ಲೆಕ್ಕ. "ಈ ವಾರ ಕಸಾಯಿ ಬರುತ್ತಾನೆ," ಅಂತ ಸೇಠ ಹೇಳಿದಾಗ ನನಗೆ ಅನ್ನ ಸೇರದಾಯಿತು.

ಅದೇ ವಾರ ಹುಬ್ಬಳ್ಳಿಯ ವ್ಯಾಪಾರಿ ನೀಲಕಂಠಪ್ಪನವರು ಗುಜರಾತಿ ಎಮ್ಮೆ ಖರೀದಿಗೆ ತಬೇಲಾಕ್ಕೆ ಬಂದರು. ನನ್ನ ಹಣೆಯ ವಿಭೂತಿ ನೋಡಿ, "ಯಾ ಊರಪಾ ನಿಂದು?" ಅಂದರು. ಅಯ್ಯ ಶಿವನೆ! ಎಷ್ಟು ತಿಂಗಳಾಗಿತ್ತು ಆ ಮಾತು ಕಿವಿಗೆ ಬಿದ್ದು. ಊರ ಹೆಸರನ್ನು ಎರಡೆರಡು ಸಲ ಹೇಳಿದೆ. ಎರಡು ಎಮ್ಮೆ ಕೊಂಡಿದ್ದರು, ವಡಾಲದಿಂದ ರೈಲಿನ ವ್ಯಾಗನ್ನಿನಲ್ಲಿ ಒಯ್ಯುವವರಿದ್ದರು.

ಅವರ ಕಾಲು ಹಿಡಿದೆ. "ಯಪ್ಪಾ, ನಮ್ಮ ಕಡೀದೊಂದು ಎಮ್ಮಿ ಐತ್ರಿ. ಇಲ್ಲಿ ಬಿಟ್ರ ಕಡೀತಾರ್ರಿ. ನಿಮ್ಮ ವ್ಯಾಗನ್ನ್ಯಾಗ ಹಾಕ್ಕೊಂಡು ಹೋಗಿ ಉಪ್ಪಿನಬೆಟಗೇರಿಗೆ, ನನ್ನ ಹೆಂಡತಿ ಮನೀಗೆ ಮುಟ್ಟಸ್ರಿ."

"ಏಳಪಾ, ಏಳು. ಜಾಗ ಐತಿ, ಒಯ್ತೀನಿ," ಅಂದರು. "ಆದ್ರ ನಿಮ್ಮ ಸೇಠ ಸುಮ್ಮನ ಬಿಡ್ತಾನೇನು?"

ಸೇಠ ಸುಮ್ಮನೆ ಬಿಡಲಿಲ್ಲ. ಅವನು ಯೋಚಿಸಿ ಹೇಳಿದ ಮಾತು ಇಷ್ಟು: ಕಸಾಯಿಯ ದುಡ್ಡು ಬಿಟ್ಟು ಎಮ್ಮೆಯನ್ನು ನಿನಗೆ ಕೊಡುತ್ತೇನೆ, ಆದರೆ ರಜೆ ಮರೆತುಬಿಡು. ಮುಂದಿನ ದೀಪಾವಳಿಯ ತನಕ ಊರಿನ ಹೆಸರು ಎತ್ತಬೇಡ. ಎತ್ತಿದರೆ ಕೆಲಸವಿಲ್ಲ.

ಒಂದು ಹಗಲು ಟೈಮು ಕೊಟ್ಟ. ಆ ಹಗಲೆಲ್ಲ ಚನ್ನವ್ವನ ಮುಖ ನೋಡಲಾಗದೆ ಬೇರೆ ಸಾಲಿನ ಸಗಣಿ ಬಾಚಿದೆ. ಕೆಲಸ ಬಿಟ್ಟು ಎದ್ದು ಹೋಗಬಹುದಿತ್ತು. ಹೋಗಿ ಮಾಡುವುದೇನು? ಅಣ್ಣನ ಬಾಗಿಲಿಗೆ ನಿಲ್ಲಲೇ? ಮಾವನ ಮನೆಯ ರೊಟ್ಟಿ ಮುರಿಯುವ ಅಳಿಯನಿಗೆ ಆ ಮನೆಯ ನಾಯಿ ಕೂಡ ಬಾಲ ಆಡಿಸುವುದಿಲ್ಲ. ಸಂಜೆ ಸೇಠನ ಹತ್ತಿರ ಹೋಗಿ, ಆಗಲಿ ಅಂದೆ.

ಅಣ್ಣು ಮರುದಿನ ಕ್ಯಾನನ್ನು ಕುಕ್ಕಿ ನಿಂತ. "ನಿಮಗೆ ಮರ್ಲಾ? ಹುಟ್ಟುವ ಮಗುವಿನ ಮುಖ ನೋಡುವುದು ಬಿಟ್ಟು ಎಮ್ಮೆಯನ್ನು ಊರಿಗೆ ಕಳಿಸುವುದಾ?"

"ನಾ ಹೋದ್ರ ಹದಿನೈದು ದಿನಕ್ಕ ತಿರುಗಿ ಬರಬೇಕೋ," ಅಂದೆ. "ಅಕಿ ಹೋದ್ರ ಅಲ್ಲೇ ಇರ್ತಾಳ. ನಮ್ಮಿಬ್ಬರೊಳಗ ಒಬ್ಬರರೆ ಊರು ಮುಟ್ಟಲಿ. ಮುಂದಿನ ಸೂಲಿಗೆ ನನ್ನ ಕೂಸಿಗೆ ಹಾಲರೆ ಆಕ್ಕೈತಿ."

ಅವನು ನಗಲಿಲ್ಲ. ಹಾಲು ತುಂಬಿಸಿಕೊಂಡು ಹೋದವನು ತಿರುಗಿ ಬಂದು ಒಂದು ಹಿಡಿ ಬೆಲ್ಲವನ್ನು ಎಲೆಯಲ್ಲಿ ಕಟ್ಟಿ ಕೊಟ್ಟ. "ಅವಳಿಗೆ," ಅಂದ.

ಅದರ ಮರುದಿನ ನಸುಕಿನಲ್ಲಿ ಹೊರಟೆವು. ನೀಲಕಂಠಪ್ಪನವರ ಆಳು ಗುಜರಾತಿ ಎಮ್ಮೆಗಳನ್ನು ಹೊಡೆದುಕೊಂಡು ಮುಂದೆ, ನಾನೂ ಚನ್ನವ್ವನೂ ಹಿಂದೆ. ಕಾಂದಿವಲಿಯಿಂದ ವಡಾಲಕ್ಕೆ ಎಮ್ಮೆಯ ನಡಿಗೆಯಲ್ಲಿ ಪೂರ್ತಿ ಹಗಲಿನ ದಾರಿ. ಸಾಂತಾಕ್ರೂಜಿನ ಹತ್ತಿರ ವಿಮಾನವೊಂದು ತಲೆಯ ಮೇಲೆಯೇ ಇಳಿಯಿತು. ಮುಂದಿನವೆರಡೂ ಬೆದರಿ ಗಟಾರಕ್ಕೆ ಹಾರಿದವು. ನನ್ನ ಚನ್ನವ್ವ ನನ್ನ ಬಗಲಲ್ಲಿ ಮೂತಿ ಇಟ್ಟು ನಿಂತಳು. ಬೆಲ್ಲ ಕೊಟ್ಟೆ, ತಿಂದಳು, ನಡೆದಳು. ದಾರಿಯುದ್ದಕ್ಕೂ ನಾನು ಅವಳಿಗೆ ಮನೆಯ ಗುರುತು ಹೇಳುತ್ತಿದ್ದೆ. ಶರಣವ್ವನಿಗೆ ಹೇಳಬೇಕಾದದ್ದನ್ನೂ ಹೇಳಿದೆ, ಯಾರ ಕೈಯಲ್ಲಿ ಹೇಳಿ ಕಳಿಸಲಿ ಮತ್ತೆ?

ವಡಾಲದಲ್ಲಿ ನೀಲಕಂಠಪ್ಪನವರು ವ್ಯಾಗನ್ನಿಗೆ ಹಲಗೆ ಹಾಕಿಸಿ ಕಾಯುತ್ತಿದ್ದರು. ಗುಜರಾತಿ ಎಮ್ಮೆಗಳು ದಡದಡ ಹತ್ತಿದವು. ಚನ್ನವ್ವ ಹಲಗೆಯ ಬುಡದಲ್ಲಿ ನಾಲ್ಕೂ ಕಾಲು ಊರಿ ನಿಂತುಬಿಟ್ಟಳು. ಹಗ್ಗ ಎಳೆದರು, ಹಿಂದಿನಿಂದ ನೂಕಿದರು, ಒಬ್ಬ ಬಾಲ ತಿರುಚಿದ. ಅವನನ್ನು ನಾನು ಹೊಡೆಯುವುದೊಂದು ಬಾಕಿ. ರೈಲಿನವನು ಸೀಟಿ ಊದಿ ಗದರಿಸಿದ. ಹೊತ್ತಾಗಿತ್ತು, ಇನ್ನು ಬಿಟ್ಟು ಹೋಗುತ್ತೇವೆ ಅಂದರು.

ನಾನು ಅವರೆಲ್ಲರನ್ನೂ ಸರಿಸಿದೆ. ನಾನೇ ಮೊದಲು ಹಲಗೆ ಹತ್ತಿ ಒಳಗೆ ನಿಂತು ಅವಳತ್ತ ತಿರುಗಿದೆ. "ಬಾ ಬೇ ಚನ್ನವ್ವ. ಅಂಜಬ್ಯಾಡ. ನಾ ಒಳಗ ಅದೀನಿ ನೋಡು. ಇಬ್ಬರೂ ಕೂಡೇ ಹೋಗೂಣು. ಪುಣೇದಾಗ ಗಾಡಿ ಬದಲಿ ಮಾಡೂಣು, ನಾ ನಿನ್ನ ಕೈ ಬಿಡೂದಿಲ್ಲ. ಧಾರವಾಡದಾಗ ಇಳಿದ್ರ ಮುಗೀತು, ಅಲ್ಲಿಂದ ನಮ್ಮ ಕಾಲದಾರಿ. ಎಳ್ಳ ಅಮಾಸಿಗೆ ಜ್ವಾಳ ಎದಿಮಟ ಬಂದಿರ್ತಾವು. ಶರಣವ್ವ ಬಾಗಲದಾಗ ನಿಂತಿರ್ತಾಳ. ಮೊದಲ ನಿನ್ನ ಮಾರಿ ನೋಡ್ತಾಳ, ಆಮ್ಯಾಲೆ ನನ್ನ ನೋಡ್ತಾಳ, ಸೆರಗು ಕಚ್ಚಿಕೊಂಡು ನಗ್ತಾಳ. ಕೂಸು ಹುಟ್ಟಿದ ಮ್ಯಾಲೆ ನನ್ನ ಕೈಯಾಗ ಕೊಡ್ತಾಳ..."

ಹಲಗೆ ಕಿರಕ್ಕೆಂದಿತು. ಅವಳು ಒಂದೊಂದೇ ಹೆಜ್ಜೆ ಇಟ್ಟು ಹತ್ತಿ ಬಂದು ನನ್ನ ಎದೆಗೆ ಹಣೆ ತಾಗಿಸಿ ನಿಂತಳು. ಹಗ್ಗವನ್ನು ಸಡಿಲಾಗಿ ಕಟ್ಟಿದೆ, ಮೇವಿಗೆ ಜೋಳದ ಕಣಿಕೆ ಹರಡಿದೆ. ನಾನು ಹೇಳುತ್ತಲೇ ಇದ್ದೆ, ಅವಳು ಕೇಳುತ್ತಲೇ ಇದ್ದಳು.

ಕೆಳಗಿನಿಂದ ಎರಡು ಮೂರು ಸಲ ನನ್ನನ್ನು ಕರೆದರಂತೆ. ನನಗೆ ಕೇಳಿಸಲೇ ಇಲ್ಲ. ಕೊನೆಗೆ ನೀಲಕಂಠಪ್ಪನವರೇ ಮೇಲೆ ಹತ್ತಿ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟಾಗ ನಾನು ಆ ಕಣಿಕೆಯ ಮೇಲೆ, ಚನ್ನವ್ವನ ಪಕ್ಕದಲ್ಲಿ, ದೂರದ ಪ್ರಯಾಣಕ್ಕೆ ಕೂತವನ ಹಾಗೆ ಕಾಲು ಮಡಚಿ ಕೂತಿದ್ದೆ.

"ಶೆಟ್ಟೆಪ್ಪಾ," ಅಂದರು ಅವರು, ಮೆಲ್ಲಗೆ. "ನೀ ಇಳೀಬೇಕಪಾ."